‘ನಿರ್ಣಾಯಕ’ ಪದದ ಅರ್ಥವ್ಯಾಪ್ತಿ: ಒಂದು ಟಿಪ್ಪಣಿ

ಇಂಗ್ಲಿಷಿನ ಡಿಸೈಸಿವ್, ಕ್ರಿಟಿಕಲ್, ಕ್ರೂಷಿಯಲ್ ಎಂಬ ಮೂರಕ್ಕೂ ನಾವಿಂದು ‘ನಿರ್ಣಾಯಕ’ ಎಂಬ ಒಂದೇ ಪದವನ್ನು ಬಳಸುತ್ತಿದ್ದೇವೆ. ಇವು ನಿಜಕ್ಕೂ ಸಮಾನಾರ್ಥಕಗಳೇ?

ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿಯ ಕಥೆಯನ್ನೇ ನಿದರ್ಶನವಾಗಿ ಪರಿಶೀಲಿಸಬಹುದು. ಪಂಪನು ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ನಿರೂಪಿಸಿರುವ ಈ ಕಥೆಯಲ್ಲಿ, ದೃಷ್ಟಿ ಹಾಗೂ ಜಲಯುದ್ಧಗಳ ತರುವಾಯ ಮಲ್ಲಯುದ್ಧದಲ್ಲಿಯೂ ಭರತನು ಸೋತ ಗಳಿಗೆ ನಿರ್ಣಾಯಕವಾದುದು. ಆತನು ತಮ್ಮನ ಮೇಲೆ ಚಕ್ರವನ್ನು ಪ್ರಯೋಗಿಸಿದ ಗಳಿಗೆ ವಿಷಮವಾದುದು; ಪರಿಣಾಮ ಇನ್ನೂ ತಿಳಿಯದು. ಗೆದ್ದ ರಾಜ್ಯವನ್ನು ಆಳುವುದೋ ತೊರೆಯುವುದೋ ಎಂಬುದು ಕವಲಿನ ಗಳಿಗೆ. ಕ್ರೂಷಿಯಲ್ ಪದದ ಹಿನ್ನೆಲೆಯಲ್ಲಿಯೂ ಕವಲುದಾರಿಯ ಕೈಮರದ ಕಲ್ಪನೆಯಿದೆ.

ಮೂರನ್ನೂ ಒಂದೇ ಪದಕ್ಕೆ ಇಳಿಸಿದರೆ, ಚಾವುಂಡರಾಯನು ಕಡೆಯಿಸಿದ್ದು ಬರಿಯ ಗೆದ್ದವನ ಮೂರ್ತಿಯನ್ನಲ್ಲ, ಗೆದ್ದೂ ತೊರೆದವನ ಮೂರ್ತಿಯನ್ನು ಎಂಬ ಅಂಶವೇ ಮರೆಯಾಗುತ್ತದೆ.