ಮದ್ದೂರಿಗೆ ಬಿದ್ದ ಕಲ್ಲು, ಸಿಂಗಪುರಕ್ಕೆ ಬೀಳುವ ಧೂಳು

ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರಿನಿಂದ ಮೈಸೂರಿಗೆ ರೈಲು ಹತ್ತಿದವರಿಗೆ ಮದ್ದೂರು ಗೊತ್ತೇ ಇರುತ್ತದೆ. ಕಿಟಕಿಯ ಹತ್ತಿರ "ವಡೆ, ವಡೆ, ಮದ್ದೂರು ವಡೆ" ಅನ್ನುವ ಕೂಗು ಕೇಳಿದ ಕೂಡಲೇ ಅಪ್ಪನ ಕೈ ಜೇಬಿಗೆ ಹೋಗುತ್ತದೆ. ವಡೆಯ ಊರು ಅಂತ ನಾವೆಲ್ಲ ಬಲ್ಲ ಈ ಮದ್ದೂರಿನ ಹೆಸರು ವಿಜ್ಞಾನದ ಪುಸ್ತಕಗಳಲ್ಲೂ ಇದೆ. ಅದಕ್ಕೆ ಕಾರಣ ಬೇರೆ.

1865ರ ಸೆಪ್ಟೆಂಬರ್ 21ರಂದು ಅಲ್ಲಿ ಆಕಾಶದಿಂದ ಕಲ್ಲು ಬಿತ್ತು. ತೂಕ ಸುಮಾರು ನಾಲ್ಕೂವರೆ ಕಿಲೋ. ಇಂಥ ಕಲ್ಲಿಗೆ ಅದು ಬಿದ್ದ ಊರಿನ ಹೆಸರನ್ನೇ ಇಡುವುದು ಪದ್ಧತಿ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅವರ ಕಾಲದ ಇಂಗ್ಲಿಷ್ ಕಾಗುಣಿತದಿಂದಾಗಿ ನಮ್ಮ ಮದ್ದೂರು ಜಗತ್ತಿನ ಪಟ್ಟಿಯಲ್ಲಿ 'ಮುದ್ದೂರ್' ಆಗಿ ಉಳಿದಿದೆ.

ಆ ಕಲ್ಲು ಎಲ್ಲಿಂದ ಬಂತು? ಹೊಸ ಮನೆ ಕಟ್ಟಿ ಮುಗಿದ ಮೇಲೆ ಅಂಗಳದಲ್ಲಿ ಒಂದಷ್ಟು ಇಟ್ಟಿಗೆ ಚೂರು, ಜಲ್ಲಿ, ಮರಳು ಉಳಿದಿರುತ್ತದಲ್ಲ, ಹಾಗೆಯೇ ಇದು. ಸುಮಾರು 456 ಕೋಟಿ ವರ್ಷಗಳ ಹಿಂದೆ ಸೂರ್ಯನ ಸುತ್ತ ಗ್ರಹಗಳು ಕಟ್ಟಿಕೊಂಡಾಗ ಬಳಕೆಯಾಗದೆ ಉಳಿದ ಸಾಮಾನು ಇನ್ನೂ ಅಲ್ಲಿ ಸುತ್ತುತ್ತಿದೆ. ಭೂಮಿ ದೊಡ್ಡದು. ಹಾಗಾಗಿ ಅದು ಒಳಗೆ ಕಾದು, ಕರಗಿ, ಮತ್ತೆ ಮತ್ತೆ ಕಲಸಿಕೊಂಡು ತನ್ನ ಮೊದಲ ದಿನಗಳ ಗುರುತನ್ನು ಅಳಿಸಿಹಾಕಿದೆ. ಸಣ್ಣವು ಬೇಗ ತಣ್ಣಗಾದವು, ಹೆಚ್ಚು ಬದಲಾಗಲಿಲ್ಲ. ಭೂಮಿ ಹುಟ್ಟಿದ ಕಾಲದ ಸುದ್ದಿ ಬೇಕಾದರೆ ಈ ಚೂರುಗಳನ್ನೇ ಕೇಳಬೇಕು.

ಇವುಗಳಿಗೆ ಕನ್ನಡದಲ್ಲಿ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ. ಮೊದಲನೆಯದು ಕ್ಷುದ್ರಗ್ರಹ. ಕ್ಷುದ್ರ ಅಂದರೆ ಸಣ್ಣದು. ಇವು ಕಲ್ಲು ಮತ್ತು ಲೋಹದ ಬಂಡೆಗಳು. ಹೆಚ್ಚಿನವು ಮಂಗಳ ಮತ್ತು ಗುರುಗ್ರಹಗಳ ನಡುವೆ ಇವೆ. ಹತ್ತು ಲಕ್ಷಕ್ಕೂ ಹೆಚ್ಚು ಪತ್ತೆಯಾಗಿವೆ. ಆದರೂ ಆ ಪಟ್ಟಿಯಲ್ಲಿರುವ ಎಲ್ಲವನ್ನೂ ಸೇರಿಸಿದರೆ ನಮ್ಮ ಚಂದ್ರನ ತೂಕದ ನೂರರಲ್ಲಿ ಮೂರು ಪಾಲಿನಷ್ಟೇ ಆದೀತು. ಎರಡನೆಯದು ಧೂಮಕೇತು. ಧೂಮ ಅಂದರೆ ಹೊಗೆ, ಕೇತು ಅಂದರೆ ಬಾವುಟ. ಬಾಲಚುಕ್ಕಿ ಅನ್ನುವುದೂ ಇದನ್ನೇ. ಇದು ಮಂಜುಗಡ್ಡೆ ಮತ್ತು ಧೂಳಿನ ಉಂಡೆ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ ಬಾಲ ಮೂಡುತ್ತದೆ. ಆ ಬಾಲ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚುತ್ತದೆ. ಹಾಗಾಗಿ ಧೂಮಕೇತು ಸೂರ್ಯನಿಂದ ವಾಪಸು ಹೋಗುವಾಗ ಬಾಲವೇ ಮುಂದೆ! ಮೂರನೆಯದು ಉಲ್ಕೆ. "ನಕ್ಷತ್ರ ಬಿತ್ತು" ಅನ್ನುತ್ತೇವಲ್ಲ, ಅದು ನಕ್ಷತ್ರವಲ್ಲ. ನಮ್ಮ ಗಾಳಿಗೆ ನುಗ್ಗಿ ಉರಿಯುವ ಕಾಳಿನಷ್ಟು ಚೂರು. ಉರಿದೂ ಮುಗಿಯದೆ ನೆಲ ಮುಟ್ಟಿದರೆ ಅದು ಉಲ್ಕಾಶಿಲೆ, ನಾಲ್ಕನೆಯ ಹೆಸರು.

ಮದ್ದೂರಿನ ಕಲ್ಲು 'ಎಲ್' ಎಂಬ ವರ್ಗಕ್ಕೆ ಸೇರಿದ್ದು, ಅಂದರೆ ಕಬ್ಬಿಣ ಕಡಿಮೆ ಇರುವ ಜಾತಿ. ಈ ಜಾತಿಯ ಎಷ್ಟೋ ಕಲ್ಲುಗಳಲ್ಲಿ ಒಂದು ಭಾರಿ ಡಿಕ್ಕಿಯ ಗುರುತು ಸಿಕ್ಕಿದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ದೊಡ್ಡ ಕ್ಷುದ್ರಗ್ರಹವೊಂದು ಒಡೆದು ಚೂರಾಯಿತು. ಗುರುಗ್ರಹದ ಸೆಳೆತಕ್ಕೆ ಕೆಲವು ಚೂರುಗಳ ದಾರಿ ತಪ್ಪಿತು. ಅಂಥವು ಇಂದಿಗೂ ಭೂಮಿಗೆ ಬೀಳುತ್ತಲೇ ಇವೆ.

ಹಾಗಾದರೆ ದೊಡ್ಡದೊಂದು ಬಿದ್ದರೆ? ಈ ಭಯಕ್ಕೆ ಮದ್ದು ಒಂದೇ: ಮೊದಲೇ ನೋಡಿಟ್ಟುಕೊಳ್ಳುವುದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಕಾವಲೂರಿನಲ್ಲಿ ದೂರದರ್ಶಕಗಳಿವೆ. 1988ರ ಫೆಬ್ರವರಿ 17ರಂದು ಅಲ್ಲಿಂದ ಆರ್. ರಾಜಮೋಹನ್ ಹೊಸ ಕ್ಷುದ್ರಗ್ರಹವೊಂದನ್ನು ಕಂಡುಹಿಡಿದರು. ವಿಧಾನ ಸರಳ: ಆಕಾಶದ ಒಂದೇ ಭಾಗದ ಫೋಟೋವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಜಾಗ ಬದಲಿಸಿದ ಚುಕ್ಕಿಯೇ ಕ್ಷುದ್ರಗ್ರಹ. ಗಣಿತಜ್ಞ ರಾಮಾನುಜನ್ ಅವರ ಹೆಸರು ಪಡೆದ ಅದರ ಸಂಖ್ಯೆ 4130.

ಹೀಗೆ ನೋಡಿಟ್ಟುಕೊಂಡವುಗಳಲ್ಲಿ ಒಂದು ಅಪೋಫಿಸ್. ಮುನ್ನೂರು ಮೀಟರಿಗೂ ದೊಡ್ಡದು. 2029ರ ಏಪ್ರಿಲ್‌ನಲ್ಲಿ ಇದು ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲೇ ಹಾದುಹೋಗಲಿದೆ. ಟಿವಿಯ ಸಂವಹನ ಉಪಗ್ರಹಗಳಿಗಿಂತಲೂ ಹತ್ತಿರ! ಸಿಂಗಪುರದ ಗಡಿಯಾರದಲ್ಲಿ ಅದು ಏಪ್ರಿಲ್ 14ರ ಬೆಳಗಿನ ಜಾವ, ಸುಮಾರು ಐದೂ ಮುಕ್ಕಾಲು. ಹೆದರಬೇಡಿ, ಮುಂದಿನ ನೂರು ವರ್ಷವಾದರೂ ಅದು ಭೂಮಿಗೆ ಬಡಿಯುವುದಿಲ್ಲ ಎಂದು ಲೆಕ್ಕ ಹಾಕಿ ತಿಳಿಸಿದ್ದಾರೆ. ಬಡಿಯುವಂಥದ್ದು ಬಂದರೂ ಕೈಕಟ್ಟಿ ಕೂರಬೇಕಿಲ್ಲ. 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಬಂಡೆಗೆ ಬೇಕೆಂದೇ ಗುದ್ದಿತು. ಬಂಡೆ ತನ್ನ ಜೊತೆಗಾರ ಬಂಡೆಯನ್ನು ಒಂದು ಸುತ್ತು ಹಾಕಲು ತೆಗೆದುಕೊಳ್ಳುತ್ತಿದ್ದ ಸಮಯ ಅರ್ಧ ಗಂಟೆಗೂ ಹೆಚ್ಚು ಇಳಿಯಿತು. ಆದರೆ ಇಂಥ ಗುದ್ದು ವರ್ಷಗಳ ಮೊದಲೇ ಕೊಡಬೇಕು. ಅದಕ್ಕೇ ನೋಡುವವರು ಬೇಕು.

ನೀವು ಕೇಳಬಹುದು, "ನಾವಿರುವುದು ಸಿಂಗಪುರದಲ್ಲಿ, ಇಲ್ಲಿ ಏನು ಕಾಣುತ್ತದೆ?" ಮಾತು ನಿಜ. 2016ರಲ್ಲಿ ಪ್ರಕಟವಾದ ಜಾಗತಿಕ ಬೆಳಕುಮಾಲಿನ್ಯದ ನಕ್ಷೆಯಲ್ಲಿ ಸಿಂಗಪುರವೇ ಮೊದಲು. ಇಲ್ಲಿನ ರಾತ್ರಿ ಎಷ್ಟು ಬೆಳಕೆಂದರೆ ಕಣ್ಣು ಪೂರ್ತಿಯಾಗಿ ಕತ್ತಲೆಗೆ ಹೊಂದಿಕೊಳ್ಳುವುದೇ ಇಲ್ಲ. ಊರಿನಲ್ಲಿ ಅಜ್ಜಿ ಮನೆಯ ತಾರಸಿಯಿಂದ ಕಾಣುವ ಉಲ್ಕೆ ಇಲ್ಲಿ ಎಚ್‌ಡಿಬಿ ಮನೆಯ ಕಾರಿಡಾರಿನಿಂದ ಕಾಣುವುದು ಕಷ್ಟ.

ಕಾಣದಿದ್ದರೂ ಅದು ಬೀಳುವುದು ನಿಂತಿಲ್ಲ. ದಿನಕ್ಕೆ ಹತ್ತಾರು ಟನ್ ಆಕಾಶದ ಧೂಳು ಭೂಮಿಯ ಮೇಲೆ ಉದುರುತ್ತದೆ. ನಾರ್ವೆಯ ಯೋನ್ ಲಾರ್ಸೆನ್ ಒಬ್ಬ ಜಾಝ್ ಸಂಗೀತಗಾರ. ಅವರು ವರ್ಷಗಟ್ಟಲೆ ನಗರಗಳ ಮಹಡಿಗಳ ಕಸ ಗುಡಿಸಿ, ಆಯಸ್ಕಾಂತ ಹಿಡಿದು, ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ನಗರದಲ್ಲಿ ಇದು ಸಿಗಲಾರದು ಎಂದೇ ತಜ್ಞರು ತಿಳಿದಿದ್ದರು. ಕೊನೆಗೆ ಆಸ್ಲೋದಂಥ ಊರಿನ ಮಹಡಿಗಳಲ್ಲೇ ಐನೂರು ಉಲ್ಕಾಕಣ ಸಿಕ್ಕವೆಂದು 2017ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಂಗಪುರದ ಮೇಲೂ ಅದೇ ಧೂಳು ಬೀಳುತ್ತಿದೆ. ಮಳೆನೀರು ಹರಿದು ನಿಲ್ಲುವ ಮೂಲೆಯಿಂದ ಒಂದು ಹಿಡಿ ಮಣ್ಣು ತಂದು, ಪ್ಲಾಸ್ಟಿಕ್ ಸುತ್ತಿದ ಆಯಸ್ಕಾಂತ ಆಡಿಸಿ, ಅಂಟಿದ್ದನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಗುಂಡಗಿರುವುದೆಲ್ಲ ಆಕಾಶದ್ದಲ್ಲ, ವೆಲ್ಡಿಂಗಿನ ಕಿಡಿಯೂ ಗುಂಡಗೇ ಇರುತ್ತದೆ. ಸುಲಭವಾಗಿ ಸಿಗುವುದಿಲ್ಲ. ಆದರೆ ಹುಡುಕುವಾಗ ಕಣ್ಣು ಪಳಗುತ್ತದೆ.

ಮುಂದಿನ ಸಲ ರೈಲು ಮದ್ದೂರಿನಲ್ಲಿ ನಿಂತಾಗ ವಡೆ ತಿನ್ನಿ. ತಿನ್ನುತ್ತಾ ಈ ಕಲ್ಲಿನ ಕಥೆಯನ್ನು ಅಪ್ಪ ಅಮ್ಮನಿಗೆ ನೀವೇ ಹೇಳಿ. ಬಹುಶಃ ಅವರಿಗೂ ಗೊತ್ತಿರಲಿಕ್ಕಿಲ್ಲ.