ಯಂತ್ರಕ್ಕೆ ಉಪಕರಣದ ಪರಿಚಯ

ಭೌತಶಾಸ್ತ್ರದ ಪ್ರಯೋಗಶಾಲೆಗೆ ಮೊದಲ ಸಲ ಕಾಲಿಟ್ಟ ವಿದ್ಯಾರ್ಥಿಯ ಮುಂದೆ ಆಮ್ಮೀಟರನ್ನೂ ವೋಲ್ಟ್‌ಮೀಟರನ್ನೂ ಇಟ್ಟರೆ ಅವನಿಗೆ ಅವೆರಡೂ ಒಂದೇ ಬಗೆಯಾಗಿ ತೋರುತ್ತವೆ. ಎರಡಕ್ಕೂ ಗಾಜಿನ ಮುಖ, ಎರಡರಲ್ಲಿಯೂ ಒಂದು ಮುಳ್ಳು. ಒಂದರ ಮೇಲೆ 'ಎ' ಎಂದೂ ಇನ್ನೊಂದರ ಮೇಲೆ 'ವಿ' ಎಂದೂ ಬರೆದಿರುವುದೇ ಕಣ್ಣಿಗೆ ಕಾಣುವ ವ್ಯತ್ಯಾಸ. ಆ ಒಂದಕ್ಷರವನ್ನು ಗಮನಿಸದೆ ಆಮ್ಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ಜೋಡಿಸಿದರೆ, ಅದರ ರೋಧವು ಅತ್ಯಲ್ಪವಾದುದರಿಂದ ವಿದ್ಯುತ್ತು ಮಿತಿಮೀರಿ ಹರಿದು ಒಳಗಿನ ಸುರುಳಿ ಸುಟ್ಟುಹೋಗಬಹುದು. ಉಪಕರಣದಲ್ಲಿ ದೋಷವಿರಲಿಲ್ಲ, ವಿದ್ಯಾರ್ಥಿಯೂ ದಡ್ಡನಲ್ಲ. ಉಪಕರಣವನ್ನು ಎಲ್ಲಿ ಬಳಸತಕ್ಕದ್ದು, ಎಲ್ಲಿ ಬಳಸಬಾರದು ಎಂಬ ಮಾತು ಅವನಿಗೆ ತಲುಪಿರಲಿಲ್ಲ, ಅಷ್ಟೆ.

ಇದೇ ತೊಡಕು ಈಗ ಗಣಕಯಂತ್ರಗಳ ಲೋಕದಲ್ಲಿ ಹೊಸ ರೂಪ ತಾಳಿ ಬಂದಿದೆ. ಪ್ರಶ್ನೆಗಳಿಗೆ ಮಾತಿನಲ್ಲಿ ಉತ್ತರಿಸುವ ಭಾಷಾ ಮಾದರಿಗಳನ್ನು ನಮ್ಮ ಓದುಗರು ಬಲ್ಲರು. ಅಪಾರವಾದ ಬರಹದಿಂದ ಕಲಿತು, ಹಿಂದಿನ ಮಾತುಗಳಿಗೆ ಮುಂದೆ ಬರತಕ್ಕ ಮಾತು ಯಾವುದೆಂದು ಎಣಿಸುವುದು ಅವುಗಳ ಮೂಲ ವ್ಯಾಪಾರ. ತಮ್ಮಷ್ಟಕ್ಕೆ ಅವು ಇಂದಿನ ಹವೆಯನ್ನು ಅರಿಯಲಾರವು. ರೈಲಿನ ಟಿಕೆಟನ್ನು ಕಾದಿರಿಸಲಾರವು. ದೊಡ್ಡ ಗುಣಾಕಾರದಲ್ಲಿ ತಪ್ಪಲೂಬಹುದು. ಆದುದರಿಂದ ಅವುಗಳಿಗೆ ಉಪಕರಣಗಳನ್ನು ಒದಗಿಸುವ ಪದ್ಧತಿ ಬಂದಿತು. ಇಲ್ಲಿ ಉಪಕರಣವೆಂದರೆ ಸುತ್ತಿಗೆ, ಇಕ್ಕಳಗಳಲ್ಲ; ಒಂದು ನಿಶ್ಚಿತ ಕೆಲಸವನ್ನು ಮಾಡುವ ಪ್ರೋಗ್ರಾಮು. ಇಂತಹ ಉಪಕರಣಗಳನ್ನು ತಾನೇ ಆರಿಸಿ, ಒಂದಾದ ಮೇಲೊಂದರಂತೆ ಬಳಸಿ, ಒಪ್ಪಿಸಿದ ಕಾರ್ಯವನ್ನು ಮುಗಿಸುವ ವ್ಯವಸ್ಥೆಗೆ ಏಜೆಂಟ್ ಎಂದು ಹೆಸರು. 2023ರ ಜೂನಿನಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಮಾದರಿಗಳನ್ನು ಬಳಸುವವರಿಗೆ ಈ ಸೌಕರ್ಯವನ್ನು ಕಲ್ಪಿಸಿತು. ಉಪಕರಣಗಳನ್ನು ಜೋಡಿಸಲು ಎಲ್ಲರೂ ಅನುಸರಿಸಬಹುದಾದ ಒಂದು ಸಾಮಾನ್ಯ ಕ್ರಮವನ್ನು ಆಂಥ್ರಾಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು.

ಮಾದರಿಗೆ ಉಪಕರಣವು ಕಾಣುವುದು ಹೇಗೆ? ಸಾಮಾನ್ಯವಾಗಿ ಅದಕ್ಕೆ ದೊರೆಯುವುದು ಮೂರೇ ಸಂಗತಿಗಳು: ಉಪಕರಣದ ಹೆಸರು, ಒಂದು ವಿವರಣೆ, ಕೊಡಬೇಕಾದ ಅಂಶಗಳ ಪಟ್ಟಿ. ಇವನ್ನು ಓದಿ ಅದು 'ಇಂತಹ ಉಪಕರಣಕ್ಕೆ ಇಂತಹ ಬೆಲೆಗಳನ್ನು ಕೊಡಿ' ಎಂದು ಗೊತ್ತಾದ ರೀತಿಯಲ್ಲಿ ಬರೆಯುತ್ತದೆ. ಬೇರೊಂದು ಪ್ರೋಗ್ರಾಮು ಅದನ್ನು ನಡೆಸಿ ಫಲವನ್ನು ಹಿಂದಿರುಗಿಸುತ್ತದೆ. ಉಪಕರಣದ ಒಳಗನ್ನು ಮಾದರಿಯು ಕಾಣದು. ಅದರ ಪಾಲಿಗೆ ವಿವರಣೆಯೇ ಉಪಕರಣ.

ಒಂದು ಉದಾಹರಣೆಯನ್ನು ನೋಡೋಣ. ಸರಳ ಲೋಲಕದ ಲೆಕ್ಕ ಮಾಡುವ ಉಪಕರಣವೊಂದಿದೆಯೆಂದು ಭಾವಿಸೋಣ. ಅದರ ವಿವರಣೆ 'ಲೋಲಕದ ಲೆಕ್ಕ ಮಾಡುತ್ತದೆ' ಎಂದಿಷ್ಟೇ. ಕೊಡಬೇಕಾದ ಅಂಶ 'ಉದ್ದ'. ಒಬ್ಬ ವಿದ್ಯಾರ್ಥಿ ತನ್ನ ಲೋಲಕದ ಉದ್ದ 100 ಸೆಂಟಿಮೀಟರೆಂದು ತಿಳಿಸಿ ಆಂದೋಲನದ ಅವಧಿಯನ್ನು ಕೇಳುತ್ತಾನೆ. ಏಜೆಂಟ್ 100 ಎಂಬ ಸಂಖ್ಯೆಯನ್ನು ಹಾಗೆಯೇ ಕೊಡುತ್ತದೆ. ಉಪಕರಣವಾದರೋ ಮೀಟರನ್ನು ನಿರೀಕ್ಷಿಸುತ್ತದೆ. ಅವಧಿಯು ಉದ್ದದ ವರ್ಗಮೂಲಕ್ಕೆ ಅನುಗುಣವಾದುದರಿಂದ, ಉದ್ದ ನೂರು ಪಟ್ಟಾದರೆ ಅವಧಿ ಹತ್ತು ಪಟ್ಟು. ಸುಮಾರು 2 ಸೆಕೆಂಡು ಬರಬೇಕಾದಲ್ಲಿ 20 ಸೆಕೆಂಡು ಬಂದಿತು. ಯಾವ ದೋಷವೂ ವರದಿಯಾಗಲಿಲ್ಲ.

ಈಗ ವಿವರಣೆಯನ್ನು ತಿದ್ದೋಣ: 'ಸರಳ ಲೋಲಕದ ಒಂದು ಪೂರ್ಣ ಆಂದೋಲನದ ಅವಧಿಯನ್ನು ಸೆಕೆಂಡುಗಳಲ್ಲಿ ಕೊಡುತ್ತದೆ. ಉದ್ದವನ್ನು ಮೀಟರುಗಳಲ್ಲಿ ಕೊಡಬೇಕು. ತೂಗಾಟದ ಕೋನ ಚಿಕ್ಕದಾಗಿದ್ದಾಗ, ಭೂಮಿಯ ಮೇಲ್ಮೈಯಲ್ಲಿ ಮಾತ್ರ ಅನ್ವಯಿಸುತ್ತದೆ. ಸ್ಪ್ರಿಂಗಿಗೆ ತೂಗಿದ ಭಾರಕ್ಕೆ ಬಳಸಬಾರದು. ಉದ್ದವು ತಿಳಿಯದಿದ್ದರೆ ಊಹಿಸದೆ ಕೇಳಬೇಕು.' ಐದೇ ವಾಕ್ಯಗಳು. ಆದರೆ ಇವುಗಳಲ್ಲಿ ಕೆಲಸ, ಮಾನ, ಮಿತಿ, ನಿಷೇಧ, ಸಂಶಯದಲ್ಲಿ ನಡೆಯಬೇಕಾದ ದಾರಿ ಎಲ್ಲವೂ ಅಡಕವಾಗಿವೆ. ಇದಕ್ಕಿಂತ ಉದ್ದವಾಗಿ ಬರೆಯುವ ಅಗತ್ಯವಿಲ್ಲ. ಮಾದರಿಯು ಒಮ್ಮೆಗೆ ಗಮನದಲ್ಲಿಡಬಲ್ಲ ಬರಹಕ್ಕೂ ಮಿತಿಯುಂಟು.

ಮಾನದ ತಪ್ಪು ತರಗತಿಗೆ ಮಾತ್ರ ಸೇರಿದುದೆಂದು ನಗುವಂತಿಲ್ಲ. ಏಜೆಂಟುಗಳು ಬರುವುದಕ್ಕೆ ಬಹು ಮೊದಲು, 1999ರ ಸೆಪ್ಟೆಂಬರ್ 23ರಂದು, ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು ಮಂಗಳ ಗ್ರಹವನ್ನು ಸೇರುವಾಗ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ನೂಕುಬಲದ ಲೆಕ್ಕವನ್ನು ಪೌಂಡು-ಸೆಕೆಂಡುಗಳಲ್ಲಿ ಕೊಟ್ಟಿತ್ತು. ಪಥವನ್ನು ಗಣಿಸುವ ಪ್ರೋಗ್ರಾಮು ಅದನ್ನು ನ್ಯೂಟನ್-ಸೆಕೆಂಡುಗಳೆಂದು ತಿಳಿಯಿತು. ಇವೆರಡರ ಅಂತರ ಸುಮಾರು 4.45 ಪಟ್ಟು. ಇಲ್ಲಿ ಇನ್ನೊಂದು ಪಾಠವೂ ಇದೆ. ನ್ಯೂಟನ್ ಮಾನವನ್ನೇ ಬಳಸಬೇಕೆಂದು ಕಾಗದದ ಮೇಲೆ ಬರೆದಿದ್ದಿತು. ಪ್ರೋಗ್ರಾಮು ಅದರಂತೆ ನಡೆಯಲಿಲ್ಲ. ಆದುದರಿಂದ ವಿವರಣೆ ಸ್ಪಷ್ಟವಾಗಿದ್ದರೆ ಸಾಲದು, ಸತ್ಯವೂ ಆಗಿರಬೇಕು. ಉಪಕರಣವನ್ನು ಬದಲಿಸಿದ ದಿನವೇ ವಿವರಣೆಯನ್ನೂ ಬದಲಿಸಬೇಕು. ಬಗೆಬಗೆಯ ಪ್ರಶ್ನೆಗಳನ್ನು ಕೊಟ್ಟು ಏಜೆಂಟ್ ಏನನ್ನು ಆರಿಸುತ್ತದೆಂದು ಪರೀಕ್ಷಿಸಬೇಕು.

ಈ ವಿದ್ಯೆಗೆ ಗಣಕಯಂತ್ರವೇ ಬೇಕೆಂದಿಲ್ಲ. ನಿಮ್ಮ ಪ್ರಯೋಗಶಾಲೆಯ ಆಮ್ಮೀಟರಿಗೆ ಐದು ವಾಕ್ಯಗಳ ವಿವರಣೆಯನ್ನು ಬರೆದು, ಅದನ್ನು ಕಂಡರಿಯದ ತಮ್ಮನಿಗೋ ತಂಗಿಗೋ ಓದಲು ಕೊಡಿ. ಅವರು ಕೇಳುವ ಮೊದಲ ಪ್ರಶ್ನೆಯೇ ನೀವು ಬರೆಯದೆ ಬಿಟ್ಟ ವಾಕ್ಯ. ಏಜೆಂಟ್ ಆ ಪ್ರಶ್ನೆಯನ್ನು ಕೇಳದೆಯೇ ಮುಂದುವರಿಯಬಹುದು. ಆದುದರಿಂದ ನಾವು ಮೊದಲೇ ಉತ್ತರ ಬರೆದಿಡಬೇಕು.