ಬೆಕ್ಕಿನ ಮರಿಗಳಲ್ಲಿ ಜೊಲ್ಲು ಸುರಿಯುವಿಕೆ: ಕಾರಣಗಳು ಹಾಗೂ ಪಾಲಕರು ಕೈಗೊಳ್ಳಬೇಕಾದ ಕ್ರಮಗಳು

ನಾಯಿಗಳಂತೆ ಬೆಕ್ಕುಗಳು ಸಾಮಾನ್ಯವಾಗಿ ಜೊಲ್ಲು ಸುರಿಸುವುದಿಲ್ಲ. ಆದುದರಿಂದ ಮರಿಯ ಗಲ್ಲ ಮತ್ತು ಎದೆಯ ರೋಮ ಒದ್ದೆಯಾಗಿರುವುದು ಕಂಡುಬಂದಲ್ಲಿ ಅದರ ಕಾರಣವನ್ನು ತಿಳಿಯುವುದು ಅವಶ್ಯಕ. ಮಡಿಲಲ್ಲಿ ಮಲಗಿ ಗುರುಗುಟ್ಟುವಾಗ ಒಂದೆರಡು ಹನಿ ಬೀಳುವುದು, ಕಹಿ ಔಷಧಿ ಕುಡಿಸಿದಾಗ ನೊರೆ ಬರುವುದು, 3 ರಿಂದ 6 ತಿಂಗಳ ವಯಸ್ಸಿನಲ್ಲಿ ಹಾಲುಹಲ್ಲು ಉದುರುವಾಗ ಬಾಯಿ ಒದ್ದೆಯಾಗುವುದು ಸಹಜ. ಮರಿಯು ಆಟವಾಡುತ್ತಾ ಆಹಾರ ತಿನ್ನುತ್ತಿದ್ದರೆ ಆತಂಕಪಡಬೇಕಾಗಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಕೀಟನಾಶಕದ ವಿಷಬಾಧೆ. ಸಿರುಗುಪ್ಪದ ಭತ್ತದ ಗದ್ದೆಗಳಿಗೂ ಕುರುಗೋಡು ಭಾಗದ ಮೆಣಸಿನಕಾಯಿ, ಹತ್ತಿ ಬೆಳೆಗಳಿಗೂ ಔಷಧಿ ಸಿಂಪಡಿಸಲಾಗುತ್ತದೆ. ಇಲಿಗಳ ಕಾಟಕ್ಕೆಂದು ಬೆಕ್ಕು ಸಾಕುವ ಮನೆಯಲ್ಲಿಯೇ, ಅನೇಕ ವೇಳೆ ಅದೇ ಕೋಣೆಯಲ್ಲಿ, ಸ್ಪ್ರೇಯರ್ ಹಾಗೂ ಔಷಧಿಯ ಡಬ್ಬಿಗಳನ್ನು ಇಡಲಾಗುತ್ತದೆ. ಮರಿಯು ವಿಷವನ್ನು ಕುಡಿಯಬೇಕೆಂದೇನೂ ಇಲ್ಲ. ಚೆಲ್ಲಿದ ಔಷಧಿಯ ಮೇಲೆ ನಡೆದು, ಅನಂತರ ತನ್ನ ಪಾದ ಹಾಗೂ ಮೈಯನ್ನು ನೆಕ್ಕಿಕೊಂಡರೆ ಸಾಕು. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ತಡೆಯುವುದರಿಂದ ಜೊಲ್ಲು ಗ್ರಂಥಿಗಳು ಎಡೆಬಿಡದೆ ಸ್ರವಿಸುತ್ತವೆ. ಜೊತೆಗೆ ಕಣ್ಣಲ್ಲಿ ನೀರು, ಭೇದಿ, ಕಣ್ಣಿನ ಪಾಪೆ ಕಿರಿದಾಗುವುದು, ಮೈ ನಡುಕ ಮತ್ತು ಉಸಿರಾಟದ ತೊಂದರೆ ಕಾಣಿಸುತ್ತವೆ. ಇದಕ್ಕೆ ಪಶುವೈದ್ಯರು ನೀಡುವ ಅಟ್ರೋಪಿನ್ ಚುಚ್ಚುಮದ್ದು ಇದೆ. ಆದರೆ ತಡವಾದರೆ ಮರಿ ಉಳಿಯುವುದು ಕಷ್ಟ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಅಥವಾ ಎಣ್ಣೆ ಹಾಕುವುದು ಹಾನಿಕರ. ಮೈಗೆ ಔಷಧಿ ತಗುಲಿದ್ದರೆ ಕೈಗವಸು ಧರಿಸಿ, ಸೌಮ್ಯ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ.

ಬಳ್ಳಾರಿ ನಗರದ ಮನೆಗಳಲ್ಲಿ ನಾಯಿಗೆ ತಂದ ಉಣ್ಣೆ ನಿವಾರಕವನ್ನು ಬೆಕ್ಕಿಗೂ ಹಚ್ಚುವುದುಂಟು. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಮರಿಯು ಜೊಲ್ಲು ಸುರಿಸಿ, ನಡುಗಿ, ಸೆಳವಿಗೆ ಒಳಗಾಗುತ್ತದೆ. ಜ್ವರಕ್ಕೆಂದು ಪ್ಯಾರಸಿಟಮಾಲ್ ಕೊಡುವುದಂತೂ ಬೆಕ್ಕಿಗೆ ಪ್ರಾಣಾಂತಿಕ. ಬಾಯಿಹುಣ್ಣು, ಸೀನು, ಆಹಾರ ಬಿಡುವುದು ಒಟ್ಟಿಗೆ ಕಂಡುಬಂದರೆ ಕ್ಯಾಲಿಸಿವೈರಸ್ ಸೋಂಕಿರಬಹುದು. ನಾಲಿಗೆಯಡಿ ದಾರ ಅಥವಾ ಮೀನಿನ ಮುಳ್ಳು ಸಿಕ್ಕಿದ್ದರೂ ಜೊಲ್ಲು ಸುರಿಯುತ್ತದೆ, ದಾರವನ್ನು ಎಳೆಯಬಾರದು.

ಬಾಯಿಯೊಳಗೆ ಕೈ ಹಾಕುವ ಮೊದಲು ರೇಬೀಸ್ ಸಾಧ್ಯತೆಯನ್ನು ನೆನಪಿಡತಕ್ಕದ್ದು. ಸಾಧುವಾಗಿದ್ದ ಮರಿ ಏಕಾಏಕಿ ಮೇಲೆರಗುವುದು ಅಥವಾ ಕತ್ತಲಲ್ಲಿ ಅಡಗುವುದು, ನುಂಗಲಾರದಿರುವುದು, ಧ್ವನಿ ಬದಲಾಗುವುದು ಇದರ ಲಕ್ಷಣಗಳು. ಅಂತಹ ಮರಿಯನ್ನು ಮುಟ್ಟದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟು, ಸಮೀಪದ ಪಶು ಆಸ್ಪತ್ರೆಗೆ ಅಥವಾ ಸಹಾಯವಾಣಿ 1962ಕ್ಕೆ ತಿಳಿಸುವುದು. ಕಚ್ಚಿದ್ದರೆ, ಪರಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದ್ದರೆ ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಆರಂಭಿಸಬೇಕು. ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಶಿನ ಹಚ್ಚಬಾರದು. ಮನುಷ್ಯರಲ್ಲಿ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ಮರಿಗೆ 3 ತಿಂಗಳು ತುಂಬಿದಾಗ ರೇಬೀಸ್ ನಿರೋಧಕ ಲಸಿಕೆಯನ್ನೂ ಒಂದು ವರ್ಷದ ನಂತರ ಮರುಲಸಿಕೆಯನ್ನೂ ಹಾಕಿಸುವುದು. ಮನೆಯೊಳಗೇ ಬೆಳೆಯುವ ಮರಿಗೂ ಇದು ಅನ್ವಯಿಸುತ್ತದೆ.